ಸೂಜಿ ಸಣ್ಣದಾದ ಕಥೆ

ನಮ್ಮ ಕಲಬುರಗಿ ಕಡೆ ಇಂಜೆಕ್ಷನ್ ಕೊಡುವುದಕ್ಕೆ ‘ಸೂಜಿ ಮಾಡೋದು’ ಅಂತೀವಿ. ದವಾಖಾನಿಗೆ ಹೋಗಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ “ಸೂಜಿ ಮಾಡಿದ್ರೇನು?”. ಇಲ್ಲ ಅಂದರೆ ಆ ಡಾಕ್ಟರು ಲೆಕ್ಕಕ್ಕೇ ಇಲ್ಲ! ಈಗ ನಿಜವಾಗಿಯೂ ಸೂಜಿಯನ್ನು ‘ಮಾಡುವ’, ಅಂದರೆ ಪ್ರಿಂಟರಿನಲ್ಲಿ ಪದರ ಪದರವಾಗಿ ಮುದ್ರಿಸಿ ತೆಗೆಯುವ ಕಾಲ ಬಂದಿದೆ. ಇದಕ್ಕೆ ಮೈಕ್ರೋನೀಡಲ್ ಅಂತ ಹೆಸರು. ಉಗುರಿನಷ್ಟಗಲದ ಒಂದು ಪಟ್ಟಿ, ಅದರ ಮೇಲೆ ಅರ್ಧ ಮಿಲಿಮೀಟರೋ ಇನ್ನೂ ಗಿಡ್ಡವೋ ಆದ ನೂರಾರು ಮೊನೆಗಳು. ಬಿಂದಿಯ ಹಾಗೆ ತೋಳಿಗೆ ಒತ್ತಿದರೆ ಆಯಿತು.

ನಮ್ಮ ಚರ್ಮದ ಅತಿ ಹೊರಗಿನ ಪದರದ ದಪ್ಪ ಬರೀ ೧೦-೨೦ ಮೈಕ್ರಾನ್. ಅದು ಸತ್ತ ಕೋಶಗಳ ಗೋಡೆ. ಆದರೆ ಎಂಥ ಗೋಡೆ ಅಂದರೆ, ನಿಕೋಟಿನ್‌ನಂಥ ಸಣ್ಣ ಅಣುಗಳನ್ನು ಬಿಟ್ಟರೆ ಇನ್ಸುಲಿನ್ ಆಗಲಿ ಲಸಿಕೆಯಾಗಲಿ ದಾಟಲಾರವು. ನೋವು ತಿಳಿಸುವ ನರಗಳು ಹೆಚ್ಚಾಗಿ ಇರುವುದು ಅದರ ಕೆಳಗೆ. ಗೋಡೆಯನ್ನು ದಾಟಬೇಕು, ಆದರೆ ಕೆಳಗಿನ ನರಗಳನ್ನು ಆದಷ್ಟು ಎಬ್ಬಿಸಬಾರದು. ಮೈಕ್ರೋನೀಡಲ್‌ನ ಗುಟ್ಟು ಇಷ್ಟೇ.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರಿನವನು. ಪ್ರಿಂಟರಿನ ಹುಚ್ಚಿನಿಂದ ಓದಲು ಶುರು ಮಾಡಿದವನನ್ನು ಈ ವಿಷಯ ಎಳೆದುಕೊಂಡು ಹೋಗಿ ನಿಲ್ಲಿಸಿದ್ದು ಮಾತ್ರ ಸಿಡುಬಿನ ಹತ್ತಿರ. ಯಾಕೆಂದರೆ ಔಷಧಿಯನ್ನು ಚರ್ಮಕ್ಕಷ್ಟೇ ಮುಟ್ಟಿಸುವ ಕೆಲಸ ಇವತ್ತಿನದಲ್ಲ, ಇನ್ನೂರು ವರ್ಷಕ್ಕೂ ಹಳೆಯದು!

ಮಕ್ಕಳ ತೋಳೇ ಫ್ರಿಜ್ಜು

ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮೊದಲ ದಾಕು ಹಾಕಿದ. ಭಾರತಕ್ಕೆ ಅದು ಬಂದದ್ದು ಬಾಗ್ದಾದ್, ಬಸ್ರಾ ದಾರಿಯಲ್ಲಿ. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ದಸ್ತಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ದಾಕು ಹಿಡಿಯಿತು. ಅವಳ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿಗೆ, ಅಲ್ಲಿಂದ ಮತ್ತೊಂದಕ್ಕೆ... ಹೀಗೆ ತೋಳಿನಿಂದ ತೋಳಿಗೆ ದಾಟುತ್ತಾ ಪುಣೆ, ಹೈದರಾಬಾದ್, ಮದ್ರಾಸ್ ಮುಟ್ಟಿತು. ಬೇಸಿಗೆಯ ಬಿಸಿಲಿನಲ್ಲಿ ಲಸಿಕೆ ಕೆಡದಂತೆ ಒಯ್ಯಲು ಆಗ ಇದ್ದ ‘ಫ್ರಿಜ್ಜು’ ಮಕ್ಕಳ ಮೈ ಮಾತ್ರ.

ಮೈಸೂರಿನ ಕಥೆ ನಿಮಗೆ ಗೊತ್ತಿರಬಹುದು. ಥಾಮಸ್ ಹಿಕಿ ೧೮೦೫ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ ಮೂವರು ರಾಜಮನೆತನದ ಹೆಂಗಸರಿದ್ದಾರೆ. ಅದರಲ್ಲೊಬ್ಬಾಕೆ ಸೆರಗು ಸರಿಸಿ ತೋಳು ತೋರುವ ಹಾಗಿದೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಿವರಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡ ಮೇಲೆ ಪ್ರಜೆಗಳ ಹೆದರಿಕೆ ಕಡಿಮೆಯಾಗಲಿ ಅನ್ನುವ ಲೆಕ್ಕ.

ಹೊಲಿಗೆ ಮಷೀನಿನ ಸೂಜಿ

ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಮ್ಮ ಆಯಿಯ ತವರು ಕಮಲಾಪುರ, ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ನಿಜಾಮರ ಕಾಲದಲ್ಲಿ ಹುಟ್ಟಿದ ಆಯಿಯ ತೋಳಿನ ಮೇಲೆ ನಾಲ್ಕಾಣೆಯಷ್ಟಗಲದ ಎರಡು ಕಲೆಗಳಿವೆ. ಕೇಳಿದರೆ, “ಇಬ್ಬರು ಗಟ್ಟಿ ಹಿಡಿದಿದ್ರು ನನಗ. ಅಂವ ಒತ್ತಿ ಒತ್ತಿ ತಿರುವಿದ ನೋಡು, ಜೀವ ಹೋದಂಗಾತು” ಅಂತಾಳೆ.

ಆ ತಿರುವಿದ್ದು ರೋಟರಿ ಲ್ಯಾನ್ಸೆಟ್ ಇರಬೇಕು. ಸಣ್ಣ ಬಿಲ್ಲೆ, ಅದರ ಸುತ್ತ ಮುಳ್ಳು. ಚರ್ಮಕ್ಕೆ ಒತ್ತಿ ಗರಗರ ತಿರುಗಿಸಬೇಕು. ಸುಮಾರು ೧೯೭೦ರವರೆಗೆ ಭಾರತದಲ್ಲಿ ಹೆಚ್ಚಾಗಿ ಬಳಸಿದ್ದು ಇದನ್ನೇ. ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಅದನ್ನು ಬರೀ ಮೂಢನಂಬಿಕೆ ಅಂತ ಹೇಗೆ ಹೇಳೋದು?

ಇದನ್ನು ಬದಲಿಸಿದ್ದು ಬೆಂಜಮಿನ್ ರೂಬಿನ್. ವೈಯತ್ ಕಂಪನಿಯಲ್ಲಿದ್ದ ಈತ ೧೯೬೦ರ ದಶಕದಲ್ಲಿ ಹೊಲಿಗೆ ಮಷೀನಿನ ಸೂಜಿಯ ಕಣ್ಣನ್ನು ಅರ್ಧಕ್ಕೆ ಉಜ್ಜಿ ಎರಡು ಕವಲು ಮಾಡಿದ. ಕವಲಿನ ನಡುವೆ ಬೇಕಾದಷ್ಟೇ ಲಸಿಕೆ ನಿಲ್ಲುತ್ತದೆ. ಹದಿನೈದು ಸಲ ಚುಚ್ಚಿದರೆ ಕೆಲಸ ಮುಗಿಯಿತು. ಮುಂಚೆ ೨೫ ಜನಕ್ಕೆ ಆಗುತ್ತಿದ್ದ ಸೀಸೆ ೧೦೦ ಜನಕ್ಕೆ ಸಾಕಾಯಿತು. ಕಲಿಯಲು ಹತ್ತು-ಹದಿನೈದು ನಿಮಿಷ ಸಾಕು, ಆದ್ದರಿಂದ ಊರಿನವರೇ ಊರಿನವರಿಗೆ ಹಾಕಬಹುದಿತ್ತು. ಇನ್ನೊಂದು ಸಂಗತಿ ಗಮನಿಸಿ. ಈ ಸೂಜಿಯ ರಾಯಲ್ಟಿಯನ್ನು ವೈಯತ್ ವಿಶ್ವ ಆರೋಗ್ಯ ಸಂಸ್ಥೆಗೆ ಬಿಟ್ಟುಕೊಟ್ಟಿತು. ಅದಕ್ಕೆ ಜೊತೆಯಾದದ್ದು ಬಿಸಿಲು ತಡೆಯುವ, ಒಣಗಿಸಿದ ಲಸಿಕೆ. ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟಿನಲ್ಲೂ ಅದು ತಯಾರಾಗುತ್ತಿತ್ತು. ೧೯೭೫ರ ಮೇ ತಿಂಗಳಿಗೆ ಭಾರತದ ಕೊನೆಯ ಸಿಡುಬು ಕಂಡಿತು. ೧೯೮೦ರಲ್ಲಿ ಇಡೀ ಜಗತ್ತು ಸಿಡುಬು ಮುಕ್ತ ಅಂತ ಘೋಷಣೆಯಾಯಿತು.

ಚಿಪ್ಪಿನಿಂದ ಪ್ರಿಂಟರಿಗೆ

ಅದೇ ಹೊತ್ತಿಗೆ, ೧೯೭೬ರಲ್ಲಿ, ಅಮೆರಿಕದ ಆಲ್ಜಾ ಕಂಪನಿಯ ಗರ್ಸ್ಟೆಲ್ ಮತ್ತು ಪ್ಲೇಸ್ ಅನ್ನುವವರಿಗೆ ಮೈಕ್ರೋನೀಡಲ್ ಪೇಟೆಂಟು ಸಿಕ್ಕಿತು. ಐಡಿಯಾ ಇತ್ತು, ಅಷ್ಟು ಸಣ್ಣ ಮೊನೆ ಮಾಡುವ ಉಪಕರಣ ಇರಲಿಲ್ಲ. ಇಪ್ಪತ್ತೆರಡು ವರ್ಷ ಕಾಯಬೇಕಾಯಿತು! ೧೯೯೮ರಲ್ಲಿ ಜಾರ್ಜಿಯಾ ಟೆಕ್‌ನ ಮಾರ್ಕ್ ಪ್ರಾಸ್ನಿಟ್ಜ್ ತಂಡ ಕಂಪ್ಯೂಟರ್ ಚಿಪ್ ಕೊರೆಯುವ ವಿಧಾನದಲ್ಲೇ ಸಿಲಿಕಾನ್ ಸೂಜಿಗಳನ್ನು ಕೊರೆಯಿತು. ಎತ್ತರ ಸುಮಾರು ೧೫೦ ಮೈಕ್ರಾನ್. ಲ್ಯಾಬಿನಲ್ಲಿ ಮನುಷ್ಯರ ಚರ್ಮದ ಮೂಲಕ ಬಣ್ಣದ ಅಣುಗಳು ಸಾವಿರ ಪಟ್ಟಿಗೂ ಮಿಕ್ಕಿ ಸಲೀಸಾಗಿ ದಾಟಿದವು.

ಆದರೆ ಚಿಪ್ ಕಾರ್ಖಾನೆ ಎಲ್ಲರಿಗೂ ಎಲ್ಲಿ ಸಿಗಬೇಕು? ಅಲ್ಲಿಗೆ ಬಂದದ್ದು ೩ಡಿ ಪ್ರಿಂಟರು. ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ವಸ್ತು ಕಟ್ಟುವ ವಿಧಾನಕ್ಕೆ ಚಕ್ ಹಲ್ ೧೯೮೬ರಲ್ಲೇ ಪೇಟೆಂಟು ಪಡೆದಿದ್ದ. ೨೦೧೫ರ ನಂತರ ಜೋಸೆಫ್ ಡಿಸಿಮೋನ್ ತಂಡ ಅದನ್ನು ವೇಗಗೊಳಿಸಿ ಮೈಕ್ರೋನೀಡಲ್ ಮುದ್ರಿಸಿತು. ಸೂಜಿಯ ಆಕಾರ ಬದಲಿಸಬೇಕೇ? ಫೈಲು ಬದಲಿಸಿದರೆ ಸಾಕು. ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ :)

ಇನ್ನೊಂದು ಸರಳ ಉಪಾಯವೂ ಇದೆ. ಗೌರಿ ಹುಣ್ಣಿಮೆಗೆ ಮಾಡುವ ಸಕ್ಕರೆ ಆರತಿ ನೆನಪಿಸಿಕೊಳ್ಳಿ. ಪ್ರಿಂಟ್ ಮಾಡಿದ ಸೂಜಿಗಳ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆಯುತ್ತಾರೆ. ಅದಕ್ಕೆ ಔಷಧಿ ಬೆರೆಸಿದ ಸಕ್ಕರೆಯನ್ನೋ, ನೀರಿನಲ್ಲಿ ಕರಗುವ ಪಾಲಿಮರನ್ನೋ ತುಂಬಿ ಒಣಗಿಸುತ್ತಾರೆ. ಆ ಸೂಜಿ ಚರ್ಮದೊಳಗೆ ಕರಗಿಯೇ ಹೋಗುತ್ತದೆ. ಬಿಸಾಡಲು ಸೂಜಿ ಉಳಿಯುವುದಿಲ್ಲ.

ಸೂಜಿಯೇ ಬೇಡ ಅಂದವರೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪಾಲನ್ ಜಗದೀಶ್, ದೀಪಶಿಖಾ ಚಕ್ರವರ್ತಿ ಮತ್ತು ಸಂಗಡಿಗರು ೨೦೧೧ರಲ್ಲಿ ಸಣ್ಣ ಆಘಾತ ತರಂಗದಿಂದ ಇಲಿಗಳ ಚರ್ಮದೊಳಗೆ ಲಸಿಕೆ ಕಳಿಸಿ ತೋರಿಸಿದರು.

ಕಮಲಾಪುರಕ್ಕೆ ಏನು ಲಾಭ?

ನೋವಿಲ್ಲ ಅನ್ನೋದು ಒಳ್ಳೆಯದೇ. ಆದರೆ ನನಗೆ ದೊಡ್ಡದಾಗಿ ಕಾಣುವುದು ಅದಲ್ಲ. ಈಗಿನ ಹೆಚ್ಚಿನ ಲಸಿಕೆಗಳನ್ನು ೨ರಿಂದ ೮ ಡಿಗ್ರಿಯೊಳಗೆ ಇಡಬೇಕು. ನಮ್ಮಲ್ಲಿ ಮೇ ತಿಂಗಳ ಬಿಸಿಲು ೪೨ ದಾಟುವುದು ಮಾಮೂಲು. ದಡಾರದ ಲಸಿಕೆಯ ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ. ಪುಡಿಗೆ ನೀರು ಬೆರೆಸಿದರೆ ಕೆಲವೇ ಗಂಟೆ, ಆಮೇಲೆ ಉಳಿದದ್ದು ಚೆಲ್ಲಬೇಕು. ಕಮಲಾಪುರದ ಸುತ್ತ ಇರುವ ತಾಂಡಾಗಳಲ್ಲಿ ಒಂದೇ ಮಗು ಬಂದರೆ ನರ್ಸಮ್ಮ ಸೀಸೆ ಒಡೆಯಬೇಕೋ, ಮುಂದಿನ ವಾರ ಬಾ ಅನ್ನಬೇಕೋ? ಮುಂದಿನ ವಾರಕ್ಕೆ ಆ ತಾಯಿ ಕಬ್ಬು ಕಡಿಯಲು ಗುಳೆ ಹೋಗಿದ್ದರೆ?

ಒಣಗಿದ ಪಟ್ಟಿಯಲ್ಲಿ ಒಂದು ಮಗುವಿಗೆ ಒಂದು ಡೋಸ್. ಆಫ್ರಿಕಾದ ಗ್ಯಾಂಬಿಯಾದಲ್ಲಿ ದಡಾರ-ರುಬೆಲ್ಲಾ ಲಸಿಕೆಯನ್ನು ಇಂಥ ಪಟ್ಟಿಯಲ್ಲಿ ಮಕ್ಕಳಿಗೆ ಕೊಟ್ಟು ನೋಡಿದ ಫಲಿತಾಂಶ ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರೋಗನಿರೋಧಕ ಶಕ್ತಿ ಇಂಜೆಕ್ಷನ್ನಿಗೆ ಸರಿಸಮನಾಗಿತ್ತು. ಪ್ರಯೋಗ ಚಿಕ್ಕದು, ಆರಂಭಿಕ ಹಂತದ್ದು. ಆದರೂ ಸಣ್ಣ ಮಾತಲ್ಲ.

ಸಿಡುಬಿನ ಇತಿಹಾಸ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಕವಲು ಸೂಜಿ ಗೆದ್ದದ್ದು ಅದು ನಾಜೂಕಾಗಿತ್ತು ಅಂತಲ್ಲ. ಅದು ಅಗ್ಗವಾಗಿತ್ತು, ಯಾರು ಬೇಕಾದರೂ ಕಲಿಯಬಹುದಿತ್ತು, ಅದಕ್ಕೆ ಹಕ್ಕಿನ ಬೇಲಿ ಇರಲಿಲ್ಲ. ಕರಗುವ ಸೂಜಿ ಎಷ್ಟೇ ಚೆನ್ನಾಗಿದ್ದರೂ ದುಬಾರಿ ಪೇಟೆಂಟಿನೊಳಗೆ ಕೂತರೆ, ಅದು ಪಟ್ಟಣದ ದೊಡ್ಡ ಆಸ್ಪತ್ರೆಯ ಕ್ರೀಮಿನ ಪಕ್ಕದಲ್ಲೇ ಉಳಿಯುತ್ತದೆ. ತಾಂಡಾದ ಮಗುವಿನ ತೋಳು ಮುಟ್ಟುವುದಿಲ್ಲ. ಸೂಜಿಯನ್ನು ಅಳೆಯಬೇಕಾದದ್ದು ಮೈಕ್ರಾನಿನಲ್ಲಲ್ಲ, ಅದು ಎಷ್ಟು ದೂರದ ಊರಿಗೆ ಹೋಯಿತು ಅನ್ನುವುದರಲ್ಲಿ.

ಅಂದ ಹಾಗೆ, ‘ದಾಕು ಹಾಕೋದು’ ಮೈಸೂರು ಸೀಮೆಯ ಮಾತು. ನಿಮ್ಮ ಕಡೆ ಏನಂತಿದ್ದರು? ಮನೆಯಲ್ಲಿ ಅಜ್ಜ-ಅಜ್ಜಿಯರಿದ್ದರೆ ಕೇಳಿ ಬರೆಯಿರಿ. ಅವರ ನೆನಪಿನೊಂದಿಗೆ ಆ ಮಾತುಗಳೂ ಹೋಗಿಬಿಡುತ್ತವೆ.