ಪಡಸಾಲೆಗೆ ಬಂದ ಪಿಯಾನೊ

ಎರಡು ವರ್ಷಗಳ ಹಿಂದೆ ನಮ್ಮ ಮನೆಗೆ ಮೊಮ್ಮಗಳಿಗೆಂದು ಒಂದು ಡಿಜಿಟಲ್ ಪಿಯಾನೊ ಬಂದಿತು. ನೋಡಲು ಉದ್ದನೆಯ ಕಪ್ಪು ಹಲಗೆ. ಅಗಲ ನಾಲ್ಕು ಅಡಿಗಿಂತ ತುಸು ಹೆಚ್ಚು. ತೂಕ 11–12 ಕಿಲೋ. ಕೀಲಿಗಳು ಮಾತ್ರ ದೊಡ್ಡ ಪಿಯಾನೊದಲ್ಲಿರುವಂತೆಯೇ 88. ಒಳಗೆ ತಂತಿಯಿಲ್ಲ, ತಂತಿಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟಿಲ್ಲ. ‘ಇದೂ ಒಂದು ಪಿಯಾನೊವೇ?’ ಎಂದು ನಾನು ಎಲ್ಲರೆದುರು ನಕ್ಕೆ. ಆ ನಗೆ ನನ್ನದಲ್ಲ, ನನ್ನ ತಂದೆಯವರದು ಎಂಬುದು ನನಗೆ ಹೊಳೆದದ್ದು ಆಮೇಲೆ. ಅದನ್ನು ಹೇಳುವ ಮುನ್ನ, ಕೇಳುಗ ಮಿತ್ರರೇ, ಪಿಯಾನೊ ಎಂಬ ಅರಮನೆಯ ವಾದ್ಯ ಸಾಮಾನ್ಯರ ಮನೆಯ ಪಡಸಾಲೆಗೆ ಬಂದ ಕಥೆಯನ್ನು ನಿಮ್ಮೆದುರು ಇಡಬೇಕು.

ಪಿಯಾನೊ ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಮೆಡಿಚಿ ರಾಜಕುಮಾರನ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಅದರ ಜನಕ. 1700ರ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಅದರ ಉಲ್ಲೇಖವಿದೆ. ಅದುವರೆಗಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುವ ವಾದ್ಯ. ಬೆರಳು ಮೆಲ್ಲಗೆ ಬಿದ್ದರೂ ಜೋರಾಗಿ ಬಿದ್ದರೂ ಅದರ ದನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಬಡಿಯುವಂತೆ ಮಾಡಿದ. ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದವು ಮೃದುವೂ ಆಯಿತು, ಗಡುಸೂ ಆಯಿತು. ಪಿಯಾನೊ ಎಂದರೆ ಮೃದು, ಫೋರ್ಟೆ ಎಂದರೆ ಗಡುಸು. ವಾದ್ಯದ ಹೆಸರೇ ಅದರ ಗುಣವನ್ನು ಸಾರುತ್ತದೆ. ಆದರೆ ಈ ಸೂಕ್ಷ್ಮ ಯಂತ್ರರಚನೆ ಬಹಳ ದುಬಾರಿ. ದಶಕಗಳ ಕಾಲ ಅದು ಅರಸರ ಮತ್ತು ಶ್ರೀಮಂತರ ಸೊತ್ತಾಗಿಯೇ ಉಳಿಯಿತು.

ಅದನ್ನು ಮಧ್ಯಮ ವರ್ಗದವರ ಮನೆಗೆ ಕರೆತಂದವನು ಜರ್ಮನಿಯಿಂದ ಲಂಡನ್ನಿಗೆ ವಲಸೆ ಬಂದ ಒಬ್ಬ ಕುಶಲಕರ್ಮಿ, ಯೋಹಾನ್ನೆಸ್ ಝುಂಪೆ. ನಮ್ಮ ಝಂಪೆ ತಾಳವನ್ನು ನೆನಪಿಗೆ ತರುವ ಹೆಸರು! 1766ರ ತೇದಿಯುಳ್ಳ ಅವನ ವಾದ್ಯಗಳು ಇಂದಿಗೂ ಉಳಿದಿವೆ. ‘ಚೌಕ ಪಿಯಾನೊ’ ಎಂದು ಅದನ್ನು ಕರೆದರೂ ಅದು ನಿಜಕ್ಕೂ ಆಯತಾಕಾರದ, ಮೇಜಿನಂತಹ ಪೆಟ್ಟಿಗೆ. ಅಗಲ ನಾಲ್ಕು ಅಡಿಯ ಆಸುಪಾಸು. ಐದು ಸ್ಥಾಯಿಗಳಷ್ಟು ಸ್ವರವ್ಯಾಪ್ತಿ. ಕ್ರಿಸ್ತೊಫೊರಿಯ ಜಟಿಲ ರಚನೆಯನ್ನು ಝುಂಪೆ ಧೈರ್ಯವಾಗಿ ಕತ್ತರಿಸಿ ಸರಳಗೊಳಿಸಿದ. ದೊಡ್ಡ ಹಾರ್ಪ್ಸಿಕಾರ್ಡಿಗಿಂತ ಬೆಲೆ ಬಹಳ ಕಡಿಮೆಯಾಯಿತು. ದನಿಯೂ ಸಣ್ಣದಾಯಿತು, ಸ್ಪರ್ಶದ ಸೂಕ್ಷ್ಮತೆಯೂ ಕುಗ್ಗಿತು. ದೊಡ್ಡ ಸಭಾಂಗಣವನ್ನು ಅದು ತುಂಬಲಾರದು. ಆದರೆ ಒಂದು ಸಣ್ಣ ಕೋಣೆಗೆ ಎಷ್ಟು ನಾದ ಬೇಕೋ ಅಷ್ಟು ಅದರಲ್ಲಿತ್ತು. ಬೇಡಿಕೆ ಎಷ್ಟು ಬೆಳೆಯಿತೆಂದರೆ ಅವನೊಬ್ಬನಿಂದ ಪೂರೈಸಲಾಗದೆ, ಬೇರೆಯವರೂ ಅದೇ ಮಾದರಿಯನ್ನು ತಯಾರಿಸತೊಡಗಿದರು. 1768ರ ಜೂನ್ 2ರಂದು ಮಹಾ ಬಾಖನ ಕಿರಿಯ ಮಗ ಯೋಹಾನ್ ಕ್ರಿಸ್ಟಿಯಾನ್ ಬಾಖ್ ಲಂಡನ್ನಿನ ಸಭೆಯೊಂದರಲ್ಲಿ ಪಿಯಾನೊವನ್ನು ಒಂಟಿಯಾಗಿ ನುಡಿಸಿದ. ಅಂದು ಅವನೆದುರಿಗಿದ್ದುದು ಝುಂಪೆಯ ವಾದ್ಯವೇ ಎಂಬುದು ಬಲ್ಲವರ ಊಹೆ.

ಈ ಸಣ್ಣ ಪಿಯಾನೊ ಯಾರ ಬದುಕನ್ನು ಬೆಳಗಿತು ಎಂಬುದನ್ನು ಇತಿಹಾಸಕ್ಕಿಂತ ಸಾಹಿತ್ಯವೇ ಚೆನ್ನಾಗಿ ಹೇಳುತ್ತದೆ. ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿ 1815ರ ಕೊನೆಯಲ್ಲಿ ಹೊರಬಂದಿತು. ಅದರಲ್ಲಿ ಜೇನ್ ಫೇರ್‌ಫ್ಯಾಕ್ಸ್ ಎಂಬ ಅನಾಥೆ ಬರುತ್ತಾಳೆ. ಸಂಗೀತದಲ್ಲಿ ಆ ಊರಿನ ಎಲ್ಲರಿಗಿಂತಲೂ ನಿಪುಣೆ. ಆದರೆ ಅವಳಿಗೆ ತನ್ನದೆಂಬ ವಾದ್ಯವಿಲ್ಲ. ಅಜ್ಜಿ ಮತ್ತು ದೊಡ್ಡಮ್ಮನ ಬಾಡಿಗೆಯ ಕೋಣೆಗೆ ಒಂದು ದಿನ ಲಂಡನ್ನಿನ ಬ್ರಾಡ್‌ವುಡ್ ಅಂಗಡಿಯಿಂದ ಚೌಕ ಪಿಯಾನೊ ಬಂದಿಳಿಯುತ್ತದೆ. ಕಳಿಸಿದವರು ಯಾರೋ ತಿಳಿಯದು. ಊರಿಗೆ ಊರೇ ಅದರ ಮಾತಾಡುತ್ತದೆ. ಆಸ್ಟೆನ್ ಇದನ್ನು ಬರಿಯ ಕಲ್ಪನೆಯಿಂದ ಬರೆದವಳಲ್ಲ. 1808ರ ಕೊನೆಯಲ್ಲಿ ಅಕ್ಕನಿಗೆ ಬರೆದ ಪತ್ರದಲ್ಲಿ, 30 ಗಿನಿಗಳಿಗೆ ಸಿಗಬಹುದಾದ ಒಳ್ಳೆಯ ಪಿಯಾನೊ ಒಂದನ್ನು ಕೊಳ್ಳುವುದೇ ಸರಿ ಎಂದು ಅವಳು ಉತ್ಸಾಹದಿಂದ ಹೇಳಿಕೊಂಡಿದ್ದಾಳೆ. ಬೆಳಗಿನ ಉಪಾಹಾರಕ್ಕೆ ಮುನ್ನ, ಮನೆಯವರಿಗೆ ತೊಂದರೆಯಾಗದ ಹೊತ್ತಿನಲ್ಲಿ, ಅವಳು ಅಭ್ಯಾಸಕ್ಕೆ ಕೂರುತ್ತಿದ್ದಳೆಂದು ಅವಳ ಸೋದರನ ಮಗಳು ನೆನಪಿಸಿಕೊಂಡಿದ್ದಾಳೆ. ಸಭೆಯಲ್ಲಿ ನುಡಿಸುವ ಅವಕಾಶವಿಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಮೇಜಿನಂತಹ ಪೆಟ್ಟಿಗೆಯೇ ಸಭೆಯೂ ಗುರುವೂ ಆಯಿತು.

ನಮ್ಮ ದೇಶದಲ್ಲಿ ಈ ಕೆಲಸವನ್ನು ಮಾಡಿದ್ದು ಪಿಯಾನೊ ಅಲ್ಲ, ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ಪೇಟೆಂಟ್ ಪಡೆದ ಈ ವಾದ್ಯವನ್ನು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿ ಒತ್ತಿ ನುಡಿಸಬೇಕಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ತಿದಿಯಾಡಿಸಿ ಇನ್ನೊಂದು ಕೈಯಿಂದ ನುಡಿಸುವ ಪುಟ್ಟ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ನಾಟಕ ಕಂಪನಿ, ಭಜನಾ ಮಂದಿರ, ಹಾಡು ಕಲಿಯುವ ಮಕ್ಕಳ ಮನೆ – ಎಲ್ಲೆಡೆಗೂ ಅದು ನಡೆದುಬಂದಿತು. ವಿದ್ವಾಂಸರು ಮಾತ್ರ ಹುಬ್ಬು ಗಂಟಿಕ್ಕಿದರು. ಅವರ ಆಕ್ಷೇಪಣೆ ಸುಳ್ಳೇನಲ್ಲ. ಈ ಕೀಲಿಯಿಂದ ಆ ಕೀಲಿಗೆ ಜಿಗಿಯಬಹುದೇ ಹೊರತು ಜಾರಲು ಬಾರದು. ಗಮಕಕ್ಕೂ ಮೀಂಡಿಗೂ ಅಲ್ಲಿ ಎಡೆಯಿಲ್ಲ. ಸ್ವರಸ್ಥಾನಗಳು ಮೊದಲೇ ನಿಗದಿಯಾದವು. ರವೀಂದ್ರನಾಥ ಠಾಕೂರರಿಗೂ ಅದು ಒಗ್ಗಲಿಲ್ಲ. 1940ರ ಮಾರ್ಚ್ ತಿಂಗಳಿನಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಆ ನಿರ್ಬಂಧ ಸಡಿಲಗೊಳ್ಳತೊಡಗಿದ್ದು 1971ರಲ್ಲಿ. ಅದೇ ಆಕಾಶವಾಣಿಯಲ್ಲಿ ಕುಳಿತು ಇಂದು ನಾನು ಅದರ ಪರವಾಗಿ ಎರಡು ಮಾತು ಹೇಳುತ್ತಿದ್ದೇನೆ; ಕಾಲದ ಲೀಲೆ ಎನ್ನೋಣ. ಆ ಮೂವತ್ತು ವರ್ಷಗಳಲ್ಲಿ ವಾದ್ಯವೇನೂ ಸಾಯಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂತಹವರು (1917–2010) ಅದನ್ನು ಏಕವ್ಯಕ್ತಿ ವಾದನದ ಎತ್ತರಕ್ಕೆ ಒಯ್ದರು.

ಈಗ ನಮ್ಮ ಮನೆಯ ಮಾತು. ನಮ್ಮದು ಧಾರವಾಡದ ಮನೆತನ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ನನ್ನ ಅಕ್ಕ ಹತ್ತನೆಯ ವಯಸ್ಸಿಗೇ, ಯಾರೂ ಕಲಿಸದೆ, ಪೇಟಿಯ ಮೇಲೆ ನಾಟಕದ ಪದಗಳನ್ನು ಹೊರಡಿಸುತ್ತಿದ್ದಳು. ತಂದೆಯವರು ಸಂಗೀತ ಬಲ್ಲವರು, ಬಲ್ಲವರಾದ್ದರಿಂದಲೇ ನಿಷ್ಠುರರು. ಪೇಟಿಯಿಂದ ಶ್ರುತಿಜ್ಞಾನ ಕೆಡುತ್ತದೆ ಎಂದು ಒಂದು ದಿನ ಅದನ್ನು ಮಾರಿಬಿಟ್ಟರು. ಅದರ ಬದಲಿಗೆ ತಂಬೂರಿ ಬರಬೇಕಾಗಿತ್ತು, ಬರಲಿಲ್ಲ. ಅಕ್ಕ ಅಳಲಿಲ್ಲ; ಮತ್ತೆ ಯಾವ ವಾದ್ಯವನ್ನೂ ಮುಟ್ಟಲಿಲ್ಲ. ತಂದೆಯವರು ಮಾಡಿದ್ದೇ ಸರಿ ಎಂದು ನಾನು ಬಹುಕಾಲ ವಾದಿಸಿದೆ. ಸಂಗೀತದ ಶುದ್ಧಿ ಉಳಿಯಿತೆಂದು ಹೆಮ್ಮೆಪಟ್ಟೆ. ಉಳಿದದ್ದು ಶುದ್ಧಿಯಲ್ಲ, ಮೌನ ಎಂದು ತಿಳಿಯಲು ಅರವತ್ತು ವರ್ಷ ಬೇಕಾಯಿತು.

ಡಿಜಿಟಲ್ ಪಿಯಾನೊದ ಒಳಗನ್ನು ನಾನು ಅರಿತದ್ದು ಮೊಮ್ಮಗಳಿಂದ. ಪ್ರತಿ ಕೀಲಿಯ ಕೆಳಗೆ ಒಂದರ ಹಿಂದೊಂದು ತಾಕುವ ಸಂಪರ್ಕಗಳಿರುತ್ತವೆ. ಎರಡು ತಾಕುಗಳ ನಡುವಿನ ಕ್ಷಣಾಂಶವನ್ನು ಅಳೆದು, ಬೆರಳು ಎಷ್ಟು ವೇಗವಾಗಿ ಬಿದ್ದಿತೆಂದು ಯಂತ್ರ ಅರಿಯುತ್ತದೆ. ದೊಡ್ಡ ಪಿಯಾನೊದಿಂದ ಮೊದಲೇ ಮುದ್ರಿಸಿಟ್ಟ ನಾದವನ್ನು ಅದಕ್ಕೆ ತಕ್ಕ ಬಲದಲ್ಲಿ ಹೊರಡಿಸುತ್ತದೆ. ಜಪಾನಿನ ಯಮಹಾ ಸಂಸ್ಥೆ ತನ್ನ ಕ್ಲಾವಿನೋವಾವನ್ನು 1983ರಲ್ಲಿ ಹೊರತಂದ ಮೇಲೆ ಈ ವಿದ್ಯೆ ಬೆಳೆಯುತ್ತ, ಅಗ್ಗವಾಗುತ್ತ ಬಂದಿದೆ. ಮಳೆಗಾಲದಲ್ಲಿ ಉಬ್ಬುವ ಮರವಿಲ್ಲ, ಶ್ರುತಿ ಇಳಿಯುವ ತಂತಿಯಿಲ್ಲ, ಶ್ರುತಿ ಕೂಡಿಸುವವನನ್ನು ಹುಡುಕಬೇಕಾಗಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ನಡುರಾತ್ರಿಯಲ್ಲೂ ನೆರೆಯವರ ನಿದ್ದೆ ಕೆಡದು. ನಿಜವಾದ ತಂತಿಗಳು ಒಂದಕ್ಕೊಂದು ಓಗೊಟ್ಟು ಮಿಡಿಯುವ ಸೊಬಗು ಇದರಲ್ಲಿ ಅಷ್ಟಾಗಿ ಇಲ್ಲ; ಗಮಕವೂ ಇಲ್ಲ. ಇರುವುದನ್ನು ಇದೆಯೆಂದೂ ಇಲ್ಲದ್ದನ್ನು ಇಲ್ಲವೆಂದೂ ಹೇಳುವುದೇ ನ್ಯಾಯ. ಆದರೆ ಝುಂಪೆಯ ಪೆಟ್ಟಿಗೆಯಲ್ಲೂ ಎಷ್ಟೋ ಇರಲಿಲ್ಲ. ಇದ್ದದ್ದು ಒಂದು ಸಣ್ಣ ಕೋಣೆಗೆ ಸಾಲುತ್ತಿತ್ತು.

ಕಳೆದ ದೀಪಾವಳಿಗೆ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಈಗ ಎಂಬತ್ತು ದಾಟಿದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಪಡಸಾಲೆಗೆ ಬಂದೆ. ಅವಳು ಆ ಕಪ್ಪು ಹಲಗೆಯ ಮುಂದೆ ಕುಳಿತಿದ್ದಳು. ಮೊಮ್ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಟ್ಟು ಹೋಗಿದ್ದಳಂತೆ. ನನಗೆ ಕೇಳಿಸಿದ್ದು ಕೀಲಿಗಳು ಏರಿ ಇಳಿಯುವ ಮಂದವಾದ ಟಕಟಕ ಸದ್ದು ಮಾತ್ರ. ಬಲಗೈ ಓಡುತ್ತಿತ್ತು, ಎಡಗೈ ಮಾತ್ರ ಅಭ್ಯಾಸಬಲದಿಂದ ಗಾಳಿಯಲ್ಲಿ ಇಲ್ಲದ ತಿದಿಯನ್ನು ಒತ್ತುತ್ತಿತ್ತು. ನನ್ನನ್ನು ಕಂಡು ಅವಳು ನಾಚಿಕೊಂಡಳು.

“ತಮ್ಮಾ, ಇದಕ್ಕ ಗಾಳಿ ಹಾಕೋದು ಬ್ಯಾಡ ನೋಡೋ” ಎಂದಳು.

ಯಾವ ಪದ ನುಡಿಸುತ್ತಿದ್ದಿ ಎಂದು ನಾನು ಕೇಳಲಿಲ್ಲ. ಹೆಡ್‌ಫೋನಿನ ತಂತಿಯನ್ನು ಮೆಲ್ಲನೆ ಎಳೆದು ಬಿಡಿಸಿ, ಅವಳ ಪಕ್ಕದಲ್ಲಿ ಕುಳಿತೆ.