ಅರ್ಧಕ್ಕೆ ನಿಂತ ಮಾತು

ಕಳೆದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಬ್ಬ ಹುಡುಗಿ ಮಾತಾಡಲು ವೇದಿಕೆಗೆ ಬಂದಳು. ಹುಟ್ಟಿ ಬೆಳೆದಿದ್ದೆಲ್ಲ ಹೈದರಾಬಾದಿನಲ್ಲೇ. ಎರಡು ವಾಕ್ಯ ಚೆನ್ನಾಗಿಯೇ ಹೇಳಿದಳು. ಮೂರನೆಯದರಲ್ಲಿ ‘ಅಂದರೆ’ ಎನ್ನುವ ಕಡೆ ತೆಲುಗಿನ ‘ಅಂಟೆ’ ಬಂದುಬಿಟ್ಟಿತು. ಸಭೆಯಲ್ಲಿ ನಗು ಎದ್ದಿತು. ಕೆಟ್ಟ ಮನಸ್ಸಿನ ನಗುವಲ್ಲ, ನಾನೂ ನಕ್ಕೆ. ಅವಳು ಚೀಟಿ ಮಡಚಿಕೊಂಡು ‘ಧನ್ಯವಾದಗಳು’ ಎಂದು ಇಳಿದುಹೋದಳು.

ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಪ್ರೆಸೆಂಟೇಶನ್ ಮಾಡುವುದು ಹೇಗೆಂದು ಹೇಳಿಕೊಡುವವಳು ನಾನು. ಒಂದು ಸ್ಲೈಡಿಗೆ ಒಂದೇ ವಿಷಯ, ಮೊದಲ ಮಾತು ಬಾಯಿಪಾಠವಿರಲಿ, ಗಡಿಯಾರ ಇಟ್ಟುಕೊಂಡು ಮನೆಯಲ್ಲಿ ಎರಡು ಸಲ ಹೇಳಿ ನೋಡಿ ಎನ್ನುತ್ತೇನೆ. ಕೇಳುವವರು ಹೇಗೆ ಸಿದ್ಧರಾಗಬೇಕು ಎಂದು ಒಂದು ಸಲವೂ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ನನಗೆ ನೆನಪಾದದ್ದು ಇದೇ ಊರಿನಲ್ಲಿ ನೂರು ವರ್ಷದ ಹಿಂದೆ ನಡೆದ ಒಂದು ಸಭೆ.

ಮೆಹದಿಪಟ್ಟಣಂನಿಂದ ಕೋಠಿಯ ಬಸ್ ಹತ್ತಿದರೆ, ಇಳಿದ ಮೇಲೆ ಸ್ವಲ್ಪ ದೂರದಲ್ಲೇ ವಿವೇಕವರ್ಧಿನಿ ವಿದ್ಯಾಸಂಸ್ಥೆ ಇದೆ. 1921ರ ನವೆಂಬರಿನಲ್ಲಿ ಅಲ್ಲಿ ಸಮಾಜ ಸುಧಾರಣೆಯ ಒಂದು ಸಮ್ಮೇಳನ ನಡೆಯಿತು. ಅಧ್ಯಕ್ಷತೆ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರದು. ವಿಧವಾ ವಿವಾಹಕ್ಕಾಗಿ ದುಡಿದವರು, 1916ರಲ್ಲಿ ಮಹಿಳೆಯರಿಗಾಗಿ ವಿಶ್ವವಿದ್ಯಾಲಯವನ್ನೇ ತೆರೆದವರು. ಉರ್ದು, ಮರಾಠಿ, ಇಂಗ್ಲಿಷಿನಲ್ಲಿ ಭಾಷಣಗಳು ನಡೆದವು. ವಕೀಲರಾದ ಆಲಂಪಲ್ಲಿ ವೆಂಕಟರಾಮರಾವ್ ಎದ್ದು ತೆಲುಗಿನಲ್ಲಿ ಮಾತಾಡಲು ಹೊರಟಾಗ ಮಾತ್ರ ಸಭಿಕರು ಗೇಲಿ ಮಾಡಿದರು, ಕೂಗಾಡಿದರು. ಅವರ ಮಾತು ನಡೆಯಲಿಲ್ಲ.

ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಎಂಟು ತೆಲುಗು ಜಿಲ್ಲೆ, ಐದು ಮರಾಠಿ ಜಿಲ್ಲೆ, ಮೂರು ಕನ್ನಡ ಜಿಲ್ಲೆಗಳಿದ್ದವು. ಸುಮಾರು ಅರ್ಧದಷ್ಟು ಜನರ ಮನೆಮಾತು ತೆಲುಗೇ. ಆದರೂ ಆಡಳಿತ ಉರ್ದುವಿನಲ್ಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಹಾಗಾಗಿ ಸುಧಾರಣೆಯ ಮಾತಾಡಲು ಸೇರಿದವರಿಗೂ ತೆಲುಗು ಸಭೆಗೆ ತಕ್ಕ ಭಾಷೆ ಎನಿಸಲಿಲ್ಲ. ವೆಂಕಟರಾಮರಾಯರು ಸಿದ್ಧರಾಗಿಯೇ ಬಂದಿದ್ದರು, ಸಭೆ ಸಿದ್ಧವಿರಲಿಲ್ಲ.

ಆ ಅವಮಾನವನ್ನು ನೋಡಿದ ಕೆಲವು ತೆಲುಗು ಯುವಕರು ಅಂದೇ ರಾತ್ರಿ ಒಂದು ಮನೆಯಲ್ಲಿ ಸೇರಿ ಆಂಧ್ರ ಜನ ಸಂಘ ಕಟ್ಟಿದರು. ಮಾಡಪಾಟಿ ಹನುಮಂತರಾವ್, ಮುಂದೆ ಹೈದರಾಬಾದಿನ ಮುಖ್ಯಮಂತ್ರಿಯಾದ ಬೂರ್ಗುಲ ರಾಮಕೃಷ್ಣರಾವ್ ಅವರೆಲ್ಲ ಅದರಲ್ಲಿದ್ದರು. ಅದೇ ಬೆಳೆದು 1930ರಲ್ಲಿ ಜೋಗಿಪೇಟೆಯಲ್ಲಿ ಸುರವರಂ ಪ್ರತಾಪರೆಡ್ಡಿಯವರ ಅಧ್ಯಕ್ಷತೆಯಲ್ಲಿ ಆಂಧ್ರ ಮಹಾಸಭೆಯಾಯಿತು. ಜೊತೆಗೇ ಮಹಿಳೆಯರ ಸಭೆಯೂ ನಡೆಯಿತು. ಅದರ ಅಧ್ಯಕ್ಷೆ ನಡಿಂಪಲ್ಲಿ ಸುಂದರಮ್ಮ. ಒಂಬತ್ತು ವರ್ಷದ ಹಿಂದೆ ಗೇಲಿಗೆ ಒಳಗಾದ ಭಾಷೆಯಲ್ಲಿ ಈಗ ಹೆಣ್ಣುಮಕ್ಕಳಿಗೂ ಒಂದು ವೇದಿಕೆ ಸಿಕ್ಕಿತ್ತು.

ನಡುವೆ 1928ರಲ್ಲಿ ಮಾಡಪಾಟಿಯವರು ನಾರಾಯಣಗೂಡದಲ್ಲಿ ತೆಲುಗು ಮಾಧ್ಯಮದ ಹೆಣ್ಣುಮಕ್ಕಳ ಶಾಲೆ ಕಟ್ಟಿದ್ದರು. ಉರ್ದುವಿನಲ್ಲಿ ಕಲಿಸದ ಶಾಲೆಗೆ ಮಾನ್ಯತೆ ಎಲ್ಲಿಂದ ತರುವುದು? ತಾಯಿನುಡಿಯಲ್ಲೇ ಪಾಠವೆಂಬ ನಿಯಮವಿದ್ದ ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯದಿಂದಲೇ ಅದು ಬಂತು. ತೆಲುಗಿನ ಮಾತು ನಿಂತುಹೋದ ಸಭೆಯ ಅಧ್ಯಕ್ಷರೇ ಕಟ್ಟಿದ ಸಂಸ್ಥೆ ತೆಲುಗು ಹುಡುಗಿಯರ ಪರೀಕ್ಷೆಗೆ ಆಸರೆಯಾಯಿತು.

ಕನ್ನಡದವರ ಪಾಡೂ ಬೇರೆಯಾಗಿರಲಿಲ್ಲ. ಕಲಬುರಗಿ, ರಾಯಚೂರು, ಬೀದರಿನ ಮಕ್ಕಳೂ ಉರ್ದುವಿನಲ್ಲೇ ಓದಬೇಕಿತ್ತು. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದಾಗ ಈ ಜಿಲ್ಲೆಗಳ ಜನ ತಮ್ಮ ನೆಲದಲ್ಲೇ ಕೂತು ಕನ್ನಡದ ಭಾಷಣ ಕೇಳಿದರು. ಅಂಥವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಂಘದಲ್ಲೂ ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ನಕ್ಕೆನಲ್ಲ! ಒಂದು ‘ಅಂಟೆ’ಗೆ ನಕ್ಕ ನಾವು, 1921ರಲ್ಲಿ ಆ ಸಭೆಯಲ್ಲಿ ಕೂತಿದ್ದವರಿಗಿಂತ ಎಷ್ಟು ದೂರ ಬಂದಿದ್ದೇವೆ? ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ ಆಡಿ ಬರುವ ಮಗು ಮನೆಯ ಕನ್ನಡವನ್ನು ವೇದಿಕೆಗೆ ತರುವುದೇ ದೊಡ್ಡದು. ತಪ್ಪನ್ನು ಆಮೇಲೆ ಹತ್ತಿರ ಕೂರಿಸಿಕೊಂಡು ತಿದ್ದಬಹುದು. ಇಳಿದುಹೋದ ಮಗುವನ್ನು ಮತ್ತೆ ಹತ್ತಿಸುವುದು ಕಷ್ಟ.

ಮರುವಾರ ಅವಳ ಮನೆಗೆ ಹೋದೆ. ‘ಆಂಟಿ, ನೀವೂ ನಕ್ರಿ’ ಎಂದಳು. ಹೌದಮ್ಮ, ತಪ್ಪಾಯ್ತು ಎಂದೆ. ಉಳಿದ ಭಾಷಣ ಓದಲು ಕೇಳಿದೆ. ಚೀಟಿಯ ಹಿಂಬದಿಯಲ್ಲಿ ಒಂಬತ್ತು ವಾಕ್ಯಗಳಿದ್ದವು, ಅಜ್ಜಿಯ ಊರಾದ ರಾಯಚೂರಿನ ಬಗ್ಗೆ. ನಿಂತು, ನನ್ನ ಕಡೆ ನೋಡುತ್ತ, ಪೂರ್ತಿ ಓದಿದಳು. ಬರುವ ನವೆಂಬರಿನಲ್ಲಿ ಮೊದಲ ಭಾಷಣ ಅವಳದು. ಮುಂದಿನ ಸಾಲಿನಲ್ಲಿ ನಾವು ಒಂದಷ್ಟು ಜನ ಬೇಗ ಬಂದು ಕೂರೋಣ.