ಭಾಷೆ ಬಾರದವರಿಗೂ ದಾರಿ ಕಾಣಬೇಕು: ಆ್ಯಪ್ ಡಿಸೈನ್ ಕಲಿಯುವ ಕನ್ನಡಿಗರಿಗೆ ನಗೋಯಾದಿಂದ ಫಿಗ್ಮಾವರೆಗೆ ಕೆಲವು ಟಿಪ್ಸ್

ನಗೋಯಾ: ಜಪಾನಿ ಲಿಪಿಯ ಒಂದಕ್ಷರವೂ ಬಾರದವರು ನಗೋಯಾ ಸ್ಟೇಷನ್‌ನಿಂದ ಸಕಾಯೆಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಸಬ್‌ವೇಯ ಹಿಗಾಶಿಯಾಮಾ ಲೈನ್‌ಗೆ ಹಳದಿ ಬಣ್ಣ, 'ಎಚ್' ಅಕ್ಷರ. ನಗೋಯಾ ಎಚ್ 08, ಸಕಾಯೆ ಎಚ್ 10. ಎರಡನೇ ಸ್ಟೇಷನ್‌ನಲ್ಲಿ ಇಳಿದರೆ ಆಯ್ತು, ಯಾರನ್ನೂ ಕೇಳಬೇಕಾಗಿಲ್ಲ. ಬಣ್ಣ ಗುರುತಿಸಲು ಕಷ್ಟವಿದ್ದವರಿಗೆ ಅಕ್ಷರ, ಅಕ್ಷರ ಬಾರದವರಿಗೆ ಸಂಖ್ಯೆ. ಪಕ್ಕದ ಮೇತೆತ್ಸು ನಗೋಯಾ ನಿಲ್ದಾಣದ ಕಥೆಯೇ ಬೇರೆ. ನೆಲದಡಿಯಲ್ಲಿರುವ ಅಲ್ಲಿ ಎರಡೇ ಹಳಿ; ಬೇರೆ ಬೇರೆ ಊರಿನ ರೈಲುಗಳು ಒಂದರ ಬೆನ್ನಿಗೆ ಒಂದು ಅದೇ ಹಳಿಗೆ ಬರುತ್ತವೆ. ಯಾವ ರೈಲಿಗೆ ಎಲ್ಲಿ ನಿಲ್ಲಬೇಕೆಂದು ಬಣ್ಣದ ಗುರುತುಗಳು ಹೇಳುತ್ತವೆಯಾದರೂ ಹೊಸಬರು ತಲೆ ಕೆರೆದುಕೊಳ್ಳುವುದು ಅಲ್ಲೇ.

ಮೊಬೈಲ್ ಪರದೆಯ ವಿನ್ಯಾಸವೂ ಇದೇ ಕೆಲಸ. ಗಲ್ಫ್‌ನ ಪ್ರಿಂಟಿಂಗ್ ಅಂಗಡಿ, ಜಾಹೀರಾತು ಕಂಪೆನಿಗಳಲ್ಲಿ ಫೋಟೋಶಾಪ್, ಕೋರಲ್‌ಡ್ರಾ ಹಿಡಿದು ದುಡಿಯುವ ನಮ್ಮ ಹುಡುಗರು ಆ್ಯಪ್ ಡಿಸೈನ್ ಕಡೆ ಹೊರಳುವಾಗ ಮೊದಲು ಕಲಿಯುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಫಿಗ್ಮಾ. ಬ್ರೌಸರ್‌ನಲ್ಲೇ ನಡೆಯುತ್ತದೆ, ಒಂದೇ ಫೈಲಿನಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡಬಹುದು. ಇದನ್ನು 2000 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಅಡೋಬಿ 2022ರಲ್ಲಿ ಘೋಷಿಸಿತ್ತು. 2023ರ ಡಿಸೆಂಬರ್‌ನಲ್ಲಿ ಆ ವ್ಯವಹಾರ ಮುರಿದುಬಿತ್ತು. ಇಂಗ್ಲಿಷ್ ಬಿಟ್ಟರೆ ಫಿಗ್ಮಾದ ಮೆನು ಮೊದಲು ಬಂದದ್ದು ಜಪಾನಿಯಲ್ಲಿ, 2022ರಲ್ಲಿ. ಕನ್ನಡ ಮೆನು ಇಲ್ಲ. ಆದರೆ ಕನ್ನಡದ ಪರದೆ ಮಾಡಲು ಅಡ್ಡಿಯೇನಿಲ್ಲ, ಎಚ್ಚರ ಬೇಕು ಅಷ್ಟೆ.

ಊರಿಗೆ ಹಣ ಕಳಿಸುವ ಆ್ಯಪ್ ಒಂದನ್ನೇ ತೆಗೆದುಕೊಳ್ಳಿ. 'ದೃಢೀಕರಿಸಿ' ಎಂಬ ಗುಂಡಿ ಕಿರಿದಾಗಿ 'ದೃಢೀ…' ಅಂತ ಮಾತ್ರ ಕಂಡರೆ, ಒತ್ತುವವನು ಒತ್ತಿದ್ದು ಏನನ್ನು? ಕೈಯಲ್ಲಿರುವುದು ತಿಂಗಳಿಡೀ ಬೆವರು ಸುರಿಸಿದ ಸಂಬಳ. ಇಂಗ್ಲಿಷ್‌ನ 'ಸೆಂಡ್' ಪದಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ಜಪಾನಿಯ ಎರಡು ಅಕ್ಷರ ಆರಾಮಾಗಿ ಕೂರುತ್ತವೆ, 'ಕಳುಹಿಸಿ' ಕೂರುವುದಿಲ್ಲ. ಇದಕ್ಕೆ ಮದ್ದು ಆಟೋ ಲೇಔಟ್. ಗುಂಡಿಯನ್ನು ಆರಿಸಿ ಶಿಫ್ಟ್ ಜೊತೆ 'ಎ' ಒತ್ತಿ, ಅಗಲವನ್ನು 'ಹಗ್' ಎಂದು ಇಟ್ಟರೆ ಪದಕ್ಕೆ ತಕ್ಕಂತೆ ಗುಂಡಿ ಹಿಗ್ಗುತ್ತದೆ. ಕನಿಷ್ಠ, ಗರಿಷ್ಠ ಅಗಲ ನಿಗದಿ ಮಾಡುವ ಸೌಲಭ್ಯ, ಜಾಗ ಸಾಲದಾದಾಗ ಮುಂದಿನ ಸಾಲಿಗೆ ಇಳಿಯುವ 'ರ್‍ಯಾಪ್' ಎರಡೂ 2023ರಿಂದ ಇವೆ. 2025ರ ಮೇ ತಿಂಗಳ ಕಾನ್ಫಿಗ್ ಸಮ್ಮೇಳನದಲ್ಲಿ ಇದಕ್ಕೆ ಗ್ರಿಡ್ ಸೇರಿತು.

ಅಕ್ಷರದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಹೆಚ್ಚಿನ ಕೆಲಸ ಇರುವುದು ಇಲ್ಲೇ. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಅಕ್ಷರ ಬೇಡ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಗೋಜಲು ಗೋಜಲಾಗಿ ಕಾಣುತ್ತದೆ. ಯುನಿಕೋಡ್‌ನ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ 2, ಅನೇಕ್ ಕನ್ನಡ ಉಚಿತವಾಗಿ ಸಿಗುತ್ತವೆ. ಅನೇಕ್‌ನಲ್ಲಿ ಅಕ್ಷರದ ದಪ್ಪದ ಜೊತೆ ಅಗಲವನ್ನೂ ಬದಲಾಯಿಸಬಹುದು. ಉದ್ದ ಪದಗಳ ನಮ್ಮ ಭಾಷೆಗೆ ಅದು ವರದಾನ. ಸಾಲಿನ ಎತ್ತರವನ್ನು ಇಂಗ್ಲಿಷ್ ಲೆಕ್ಕದಲ್ಲಿ ಬಿಗಿ ಮಾಡಿದರೆ 'ರಾಷ್ಟ್ರೀಯ', 'ಸ್ತ್ರೀ' ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. 16ರ ಅಕ್ಷರಕ್ಕೆ 24ರಿಂದ 26 ಇಟ್ಟರೆ ಓದಲು ಹಿತ. ಅಕ್ಷರಗಳ ನಡುವಿನ ಅಂತರವನ್ನಂತೂ ಮುಟ್ಟಲೇಬೇಡಿ, ಒತ್ತು ಒಂದು ಕಡೆ, ಮೂಲಾಕ್ಷರ ಒಂದು ಕಡೆ ಆದೀತು. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೂ ಇಲ್ಲ. ಶೀರ್ಷಿಕೆ ಎದ್ದು ಕಾಣಬೇಕಾದರೆ ಗಾತ್ರ, ದಪ್ಪವೇ ಗತಿ.

ಅರಬಿಕ್‌ಗೆ ಬೇರೆ ಲೆಕ್ಕ. ಅಕ್ಷರ ಬಲದಿಂದ ಎಡಕ್ಕೆ ಓಡಿದರೆ ಸಾಲದು. ಹಿಂದೆ ಹೋಗುವ ಬಾಣ, ಮೆನು, ಹೆಜ್ಜೆಗಳ ಸಾಲು ಎಲ್ಲವೂ ಕನ್ನಡಿಯಂತೆ ತಿರುಗಬೇಕು. ಫೋನ್ ನಂಬರ್, ವಿಡಿಯೋ ಪ್ಲೇ ಗುರುತು ಮಾತ್ರ ತಿರುಗಬಾರದು. ಜಪಾನಿ ಪರದೆ ಮಾಡುವವರಿಗೂ ಒಂದು ಮಾತು: ಜಪಾನಿ, ಚೀನಿ ಭಾಷೆಗಳ ಎಷ್ಟೋ ಅಕ್ಷರಗಳಿಗೆ ಯುನಿಕೋಡ್ ಸಂಕೇತ ಒಂದೇ, ಬರೆಯುವ ರೂಪ ಬೇರೆ. ಚೀನಿ ಫಾಂಟ್ ಹಾಕಿ ಜಪಾನಿಗರಿಗೆ ತೋರಿಸಿದರೆ ತಕ್ಷಣ ಗೊತ್ತಾಗಿಬಿಡುತ್ತದೆ.

ಈ ಭಾಷೆಗಳನ್ನೆಲ್ಲ ಒಂದೇ ಪರದೆಯಲ್ಲಿ ಪರೀಕ್ಷಿಸಲು 2023ರಲ್ಲಿ ಬಂದ ವೇರಿಯೆಬಲ್ಸ್ ಒಳ್ಳೆಯ ಸಾಧನ. ಒಂದೊಂದು ಪದಕ್ಕೂ ಕನ್ನಡ, ಅರಬಿಕ್, ಇಂಗ್ಲಿಷ್ ರೂಪ ಬರೆದಿಟ್ಟು ಮೋಡ್ ಬದಲಿಸಿದರೆ ಇಡೀ ಪರದೆಯ ಮಾತು ಬದಲಾಗುತ್ತದೆ, ಎಲ್ಲಿ ಒಡೆಯಿತು ಅಂತ ಅಲ್ಲೇ ಕಾಣುತ್ತದೆ. ಹಲವು ಮೋಡ್‌ಗಳಿಗೆ ಹಣ ಕಟ್ಟುವ ಪ್ಲ್ಯಾನ್ ಬೇಕು. ಬಣ್ಣ ಆರಿಸುವ ಕಿಟಕಿಯಲ್ಲೇ ಈಗ ಕಾಂಟ್ರಾಸ್ಟ್ ಲೆಕ್ಕವೂ ಸಿಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5:1ಕ್ಕಿಂತ ಕಡಿಮೆಯಾದರೆ ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಏನೂ ಕಾಣದು.

ಪರದೆಯಲ್ಲಿ ಕ್ಯೂಆರ್ ಕೋಡ್ ಇಡಬೇಕಾದಾಗ ನಗೋಯಾ ಮತ್ತೆ ನೆನಪಾಗಬೇಕು. 1994ರಲ್ಲಿ ಅದು ಹುಟ್ಟಿದ್ದು ಅದೇ ಐಚಿ ಪ್ರಾಂತ್ಯದ ಕರಿಯಾದಲ್ಲಿ, ಡೆನ್ಸೊ ಕಂಪೆನಿಯ ಮಸಾಹಿರೊ ಹಾರಾ ಅವರ ತಂಡದಿಂದ. ಕಾರಿನ ಬಿಡಿಭಾಗಗಳ ಪೆಟ್ಟಿಗೆಯ ಮೇಲೆ ಹತ್ತಾರು ಬಾರ್‌ಕೋಡ್ ಸ್ಕ್ಯಾನ್ ಮಾಡಿ ಸುಸ್ತಾಗುತ್ತಿದ್ದ ಕೆಲಸಗಾರರ ಗೋಳಿಗೆ ಅದು ಪರಿಹಾರ. ಮೂಲೆಯ ಮೂರು ಚೌಕಗಳಲ್ಲಿ ಕಪ್ಪು ಬಿಳುಪಿನ ಅನುಪಾತ 1:1:3:1:1. ಅಚ್ಚಾದ ಕಾಗದಗಳಲ್ಲಿ ತೀರಾ ಅಪರೂಪವೆಂದೇ ಅದನ್ನು ಆರಿಸಿದ್ದು. ಹಾಗಾಗಿ ಆ ಚೌಕಗಳನ್ನು ಅಂದಕ್ಕಾಗಿ ಬದಲಿಸಬಾರದು. ಸುತ್ತ ನಾಲ್ಕು ಚುಕ್ಕಿಯಷ್ಟು ಖಾಲಿ ಅಂಚು ಬಿಡಲೇಬೇಕು. ನಡುವೆ ಲೋಗೋ ಬೇಕೆಂದರೆ ಸುಮಾರು 30 ಶೇಕಡಾ ಹಾನಿಯನ್ನು ತಡೆಯುವ 'ಎಚ್' ಮಟ್ಟ ಆರಿಸಿ, ಲೋಗೋ ಸಣ್ಣದಿರಲಿ.

ತಿಂಗಳ ಫೀಸು ಭಾರವೆನಿಸುವವರಿಗೆ ಪೆನ್‌ಪಾಟ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, 2024ರ ಆವೃತ್ತಿಯಲ್ಲೇ ಅದಕ್ಕೆ ಗ್ರಿಡ್ ಬಂದಿದೆ. ಯಾವುದರಲ್ಲೇ ಮಾಡಿದರೂ ಕಂಪ್ಯೂಟರ್‌ನ ದೊಡ್ಡ ಪರದೆಯನ್ನು ನಂಬಿ ಕೂರಬೇಡಿ. ಅಗ್ಗದ ಫೋನ್ ಒಂದರಲ್ಲಿ ತೆರೆದು, ಕನ್ನಡ ಮಾತ್ರ ಓದಬಲ್ಲ ಸ್ನೇಹಿತನ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಅವನ ಬೆರಳು ಎಲ್ಲಿ ತಡೆಯುತ್ತದೆ ಅಂತ ನೋಡಿ.